ನಿಮ್ಮ ಪಟ್ಟಿ ಯಾವುದ್ರಿ?

ಬೆಂಗಳೂರಿನಲ್ಲಿ ಪಿಯಾನೊ ಕಲಿಯುವ ಅಕ್ಕನ ಮಗ ರಜೆಗೆಂದು ವಾಡಿಗೆ ಬಂದ. ನನ್ನ ಪೇಟಿ ಕೇಳಿ, “ಮಾಮಾ, ನೀವು ಬಾರಿಸೋದು ಜಾಝ್” ಎಂದ. ಹೊಗಳಿದನೋ ಬೈದನೋ ತಿಳಿಯಲಿಲ್ಲ. ಬರೆದಿಟ್ಟದ್ದನ್ನು ನೋಡಿ ಬಾರಿಸುವುದಿಲ್ಲ, ಹಾಡುವವ ಎತ್ತ ಹೊರಳಿದರೆ ಅತ್ತ ಹೊರಳುತ್ತೀರಿ, ಮುಂದೇನೆಂಬುದು ಇಬ್ಬರಿಗೂ ಗೊತ್ತಿರುವುದಿಲ್ಲ, ಅದೇ ಜಾಝ್ ಎಂದು ಬಿಡಿಸಿ ಹೇಳಿದ. ಹಾಗಿದ್ದರೆ ಚಿತ್ತಾಪುರ ತಾಲ್ಲೂಕಿನ ಭಜನಾ ಮಂಡಳಿಗಳೆಲ್ಲ ಜಾಝೇ. 1958ರಲ್ಲಿ ಅಮೆರಿಕದ ಜಾಝ್ ಪಿಯಾನೊ ವಾದಕ ಡೇವ್ ಬ್ರೂಬೆಕ್ ಮುಂಬೈ, ಮದ್ರಾಸುಗಳಲ್ಲಿ ನುಡಿಸಿ ಹೋದರಂತೆ. ಆ ಎರಡೂ ಊರುಗಳ ನಡುವಿನ ಹಳಿ ನಮ್ಮ ಜಂಕ್ಷನ್ ಮೇಲೇ ಹಾಯುತ್ತದೆ. ಒಂದು ರಾತ್ರಿ ಇಲ್ಲಿ ಇಳಿದಿದ್ದರೆ ಅವರಿಗೂ ನಾಲ್ಕು ಮಾತು ಕಲಿಯಲು ಸಿಗುತ್ತಿತ್ತು.

ನನ್ನ ರಿಯಾಜ್ ನಸುಕಿನದು. ಪಕ್ಕದ ಮನೆಯವರದು ರಾತ್ರಿ ಪಾಳಿ. ಅವರು ಬಂದು ಕಣ್ಣು ಮುಚ್ಚುವುದಕ್ಕೂ ನಾನು ಷಡ್ಜ ಹಿಡಿಯುವುದಕ್ಕೂ ಸರಿಹೋಗುತ್ತದೆ. ಸಂಜೆಗೆ ಬದಲಿಸಿದರೆ ಮನೆಯಲ್ಲಿ ಟಿವಿ ಧಾರಾವಾಹಿ. ಅದಕ್ಕೇ ತಿದಿ ಒತ್ತದೆ ಬರೀ ಪಟ್ಟಿಗಳ ಮೇಲೆ ಬೆರಳಾಡಿಸುವ ಪದ್ಧತಿ ಶುರುಮಾಡಿದೆ. ಗಾಳಿ ಇಲ್ಲ, ನಾದ ಇಲ್ಲ, ಕಟ್ಟಿಗೆಯ ಟಕ್ ಟಕ್ ಸಪ್ಪಳವಷ್ಟೇ. “ಈಗೀಗ ಭಾಳ ಛಲೋ ಬಾರಸ್ತೀರಿ ನೋಡ್ರಿ” ಎಂದಳು ಮನೆಯಾಕೆ.

ಇನ್ನು ಧೂಳು. ಸುಣ್ಣಕಲ್ಲಿನ ಸೀಮೆ ನಮ್ಮದು. ನೆಲಕ್ಕೆ ಶಹಾಬಾದ್ ಫರಸಿ, ಗಾಳಿಯಲ್ಲಿ ಅದರ ಪುಡಿ. ಪೇಟಿಯೊಳಗಿನ ಹಿತ್ತಾಳೆ ನಾಲಿಗೆಗೆ ಒಂದು ಕಣ ಸಿಕ್ಕಿಕೊಂಡರೆ ಸಾಕು, ಸ್ವರ ಮೂಕಾಗುತ್ತದೆ. ಆಗ ಮುಚ್ಚಳ ತೆಗೆದು ಬ್ಲೇಡ್ ಹಿಡಿದು ಕೂರಬೇಕು. ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಏರಿತೆಂದು ಬುಡ, ಇಳಿಯಿತೆಂದು ತುದಿ ಕೆರೆಯುತ್ತ ಹೋದರೆ ಕೊನೆಗೆ ನಾಲಿಗೆಯೇ ಉಳಿಯುವುದಿಲ್ಲ. ಮನುಷ್ಯರಿಗೆ ಈ ಸೌಕರ್ಯವಿಲ್ಲ.

1940ರಲ್ಲಿ ರೇಡಿಯೊದವರು ಪೇಟಿಗೆ ಬಹಿಷ್ಕಾರ ಹಾಕಿದ್ದರು. ಪರದೇಶಿ ಪೆಟ್ಟಿಗೆ, ಮೀಂಡ್ ಬರುವುದಿಲ್ಲ, ಎರಡು ಪಟ್ಟಿಗಳ ನಡುವಿನ ಶ್ರುತಿ ಇದಕ್ಕೆ ಸಿಗುವುದಿಲ್ಲ ಎಂಬುದು ಆಕ್ಷೇಪ. ಅದು ಸಡಿಲಾದದ್ದು 1971ರಲ್ಲಿ. ಆಕ್ಷೇಪ ಸುಳ್ಳೆಂದು ನಾನು ಹೇಳುವುದಿಲ್ಲ. ಆ ನಡುವಿನ ಶ್ರುತಿ ಎಲ್ಲಿ ವಾಸಿಸುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ: ಶ್ರಾವಣದ ಪುರಾಣದ ತೊಟ್ಟಿಲಲ್ಲಿ.

ನಮ್ಮ ಕಡೆ ಶ್ರಾವಣ ಬಂತೆಂದರೆ ಗುಡಿ, ಮಠಗಳಲ್ಲಿ ತಿಂಗಳಿಡೀ ಪುರಾಣ. ಹೇಳುವವರು ಶಾಸ್ತ್ರಿಗಳು, ಪೇಟಿಗೆ ಬಹುಮಟ್ಟಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಗವಾಯಿಗಳು. ಗವಾಯಿಗಳಿಗೆ ಜ್ವರ ಬಂದರೆ ಸ್ಟೆಪ್ನಿ ನಾನು. ಅವರಿಗೆ ಜ್ವರ ಬರುವುದು ನೇಮದಂತೆ ತೊಟ್ಟಿಲ ದಿನವೇ, ಅನುಭವಸ್ಥರು. ಅಂದು ಕಥೆಯಲ್ಲಿ ಶರಣರು ಹುಟ್ಟುತ್ತಾರೆ, ವೇದಿಕೆಗೆ ತೊಟ್ಟಿಲು ಬರುತ್ತದೆ, ಓಣಿಯ ಹೆಣ್ಣುಮಕ್ಕಳೆಲ್ಲ ಸುತ್ತ ನಿಂತು ಜೋಗುಳ ಎತ್ತುತ್ತಾರೆ. “ಅಕ್ಕಾರ, ನಿಮ್ಮ ಪಟ್ಟಿ ಯಾವುದ್ರಿ?” ಎಂದು ಕೇಳಿದೆ. “ನಮ್ದು ಅಂತ್ಯೋದಯ ಅಲ್ರಿ, ಬಿಪಿಎಲ್” ಎಂದರು ಒಬ್ಬರು. ಅಷ್ಟರಲ್ಲಿ ಹಿಂದಿನವರು ಹಾಡು ಶುರುಮಾಡಿಯೇಬಿಟ್ಟರು. ಕರಿ ಎರಡು ಹಿಡಿದರೆ ಅವರು ಮೇಲೆ, ಬಿಳಿ ಮೂರಕ್ಕೆ ಹೋದರೆ ಅವರು ಕೆಳಗೆ. ಎಡಗಡೆಯವರು ಸೇಡಂ ಧಾಟಿ, ಬಲಗಡೆಯವರು ತವರಿನಿಂದ ತಂದ ಆಳಂದದ ಧಾಟಿ. ಯಾರಿಗೂ ಹೊಂದದ, ಯಾರನ್ನೂ ನೋಯಿಸದ ಒಂದು ಪಂಚಮ ಒತ್ತಿ ಹಿಡಿದು ಕೂತೆ. ಆರತಿಯಾದ ಮೇಲೆ ಹಿರಿಯರೊಬ್ಬರು ಬಂದು, “ಇವತ್ತ ಪೇಟಿ ಬೆರೀತು ನೋಡ್ರಿ” ಎಂದು ಟಾವೆಲ್ ಹೊದಿಸಿದರು. ಸಂಭಾವನೆ ಅದೇ, ಜತೆಗೊಂದು ತೆಂಗಿನಕಾಯಿ, ಸೂಸಲಾ, ಮಿರ್ಚಿ ಭಜಿ. ತಬಲಾದವರಿಗೆ ಭಜಿ ಎರಡು ಪ್ಲೇಟು. ಅವರದು ಮೈಮುರಿಯುವ ಕೆಲಸವಂತೆ.

ಅಳಿಯನ ಜಾಝ್ ಪರೀಕ್ಷೆಯಾಗಲೆಂದು ಅಮಾವಾಸ್ಯೆ ಭಜನೆಗೆ ಅವನನ್ನೂ ಕರೆದೊಯ್ದೆ. ಕಡಕೋಳ ಮಡಿವಾಳಪ್ಪನವರ ತತ್ವಪದ ನಡೆದಿತ್ತು. ಏಕತಾರಿ, ತಾಳ, ದಪ್ಪು, ಎಪ್ಪತ್ತು ದಾಟಿದ ಮುತ್ಯಾನ ಕಂಠ. ಎಂಟು ಮಾತ್ರೆಯ ತಾಳ ಮುತ್ಯಾನಿಗೆ ಉಸಿರು ಬೇಕಾದಾಗ ಒಂಬತ್ತಾಗುತ್ತದೆ, ಕೆಮ್ಮು ಬಂದರೆ ಹನ್ನೊಂದು. ದಪ್ಪಿನವ ಕಣ್ಣು ಮುಚ್ಚಿಕೊಂಡೇ ಕಾಯುತ್ತಾನೆ. ಅಳಿಯ ಹಿಗ್ಗಿಹೋದ. “ಮಾಮಾ, ಸರೀರಿ” ಎಂದು ಪೇಟಿ ಎಳೆದುಕೊಂಡು, ಐದೂ ಬೆರಳು ಅಗಲಿಸಿ, ಜಾಝ್‌ನವರು ಇಷ್ಟಪಡುವ ಘನವಾದ ಸ್ವರಗುಚ್ಛವೊಂದನ್ನು ಒಮ್ಮೆಗೇ ಒತ್ತಿದ. ಮುತ್ಯಾ ಹಾಡು ನಿಲ್ಲಿಸಿದರು. ಸಿಟ್ಟಿರಲಿಲ್ಲ, ಮನೆತನದ ಹಿರಿಯನ ಕಾಳಜಿಯಿತ್ತು.

“ತಮ್ಮಾ, ಒಂದೊಂದ ಒತ್ತಪ್ಪ. ಎಲ್ಲಾ ಈಗೇ ಖರ್ಚ್ ಮಾಡಿದ್ರ, ಬೆಳತನ ಬಾರಿಸೋದು ಏನ?”