ಟಾರ್ಕಸಂಗ್ರಹ: ನಿತ್ಯೋಪಯೋಗಿ ಸ್ಪೋರ್ಟ್ಸ್ ಕಾರಿನ ಆಯ್ಕೆಯ ಶಾಸ್ತ್ರೀಯ ವಿವೇಚನೆ

ಯಾವುದೇ ಶಾಸ್ತ್ರಗ್ರಂಥದ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸುವುದು ವಾಡಿಕೆಯಾದ್ದರಿಂದ, ಸ್ಪೋರ್ಟ್ಸ್ ಕಾರಿನ ಟಾರ್ಕನ್ನು ಕುರಿತ ಈ ವಿವೇಚನೆಯೂ ಆ ಶಿಷ್ಟಾಚಾರವನ್ನು ಮೀರುವಂತಿಲ್ಲ. ಇಲ್ಲಿ ವಿಷಯವೆಂದರೆ ದಿನವೂ ಕಚೇರಿಗೆ ಹೋಗಿಬರಲು ಸಾಕಾಗುವಷ್ಟು ಟಾರ್ಕ್ ಇರುವ ಸ್ಪೋರ್ಟ್ಸ್ ಕಾರನ್ನು ಆರಿಸುವುದು. ಪ್ರಯೋಜನವೆಂದರೆ ಮನಸ್ಸಿನಲ್ಲಿ ಆಗಲೇ ಆರಿಸಿಟ್ಟುಕೊಂಡ ಕಾರಿಗೆ ಮನೆಯವರ ಒಪ್ಪಿಗೆ ದೊರಕಿಸುವುದು. ಸಂಬಂಧವೆಂದರೆ ಈ ಎರಡರ ನಡುವೆ ಇದೆಯೆಂದು ಸಾಧಿಸಬೇಕಾಗಿರುವುದು. ಅಧಿಕಾರಿ, ಅಂದರೆ ಈ ಶಾಸ್ತ್ರದ ಅಧ್ಯಯನಕ್ಕೆ ಅರ್ಹನಾದವನು, ಪೂರ್ವಾಶ್ರಮವನ್ನು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಳೆದು, ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಮನೆ ಮಾಡಿ, ಬೆಳಗಿನ ಹೊತ್ತು 880ನೇ ಹೆದ್ದಾರಿಯಲ್ಲಿ ಸ್ಯಾನ್ ಹೋಸೆಯ ಕಡೆಗೆ ತೆವಳುವ ಕನ್ನಡಿಗ ಎಂಜಿನಿಯರು. ಆಟೋಮ್ಯಾಟಿಕ್ ಗೇರಿನಲ್ಲೇ ನೆಮ್ಮದಿ ಕಂಡವನಿಗೆ ಇಲ್ಲಿ ಅಧಿಕಾರವಿಲ್ಲ.

ಟಾರ್ಕ್ ಎಂದರೆ ತಿರುಗಿಸುವ ಬಲ. ಬೀಸುವ ಕಲ್ಲಿನ ಗೂಟ ನಡುವಿನಿಂದ ದೂರವಿದ್ದಷ್ಟೂ ಬೀಸುವವರ ತೋಳಿಗೆ ಕಷ್ಟ ಕಡಿಮೆ ಎಂಬ ಅಡುಗೆಮನೆಯ ಅನುಭವವೇ ಇದರ ಮೂಲಪ್ರಮಾಣ. ಬಲವನ್ನೂ ಆ ದೂರವನ್ನೂ ಗುಣಿಸಿದರೆ ಬರುವುದನ್ನು ನ್ಯೂಟನ್ ಮೀಟರುಗಳಲ್ಲಿ ಹೇಳುತ್ತಾರೆ. ಈ ಟಾರ್ಕನ್ನು ಎಂಜಿನ್ನಿನ ವೇಗದೊಂದಿಗೆ, ಅಂದರೆ ನಿಮಿಷಕ್ಕೆ ಅದು ಸುತ್ತುವ ಸುತ್ತುಗಳ ಸಂಖ್ಯೆಯಾದ ಆರ್‌ಪಿಎಂನೊಂದಿಗೆ ಗುಣಿಸಿ ತಕ್ಕ ಸಂಖ್ಯೆಯಿಂದ ಭಾಗಿಸಿದರೆ ಅಶ್ವಶಕ್ತಿ ದೊರೆಯುತ್ತದೆ. ಅಮೆರಿಕದ ಅಡಿ-ಪೌಂಡುಗಳ ಲೆಕ್ಕದಲ್ಲಿ ಆ ಭಾಜಕ 5252. ಜೇಮ್ಸ್ ವಾಟ್ ತನ್ನ ಕುದುರೆಗೆ ನಿಮಿಷಕ್ಕೆ 33,000 ಅಡಿ-ಪೌಂಡುಗಳ ದುಡಿಮೆಯನ್ನು ವಿಧಿಸಿದ್ದರಿಂದಲೂ, ಅದನ್ನು ಎರಡು ಪೈಯಿಂದ ಭಾಗಿಸಬೇಕಾಗಿ ಬಂದದ್ದರಿಂದಲೂ ಹುಟ್ಟಿದ ಈ ಸಂಖ್ಯೆಯನ್ನು ಪಂಥಭೇದವಿಲ್ಲದೆ ಎಲ್ಲರೂ ಉಚ್ಚರಿಸುತ್ತಾರೆ. ಉಚ್ಚರಿಸಿದ ಮೇಲೆ ಅದರಿಂದ ಏನು ಸಿದ್ಧವಾಯಿತೆಂದು ಕೇಳುವುದು ಅಶಿಷ್ಟ.

ಪಂಥಗಳು ಎರಡು. ಎಂಜಿನ್ ಜೋರಾಗಿ ಸುತ್ತಿದಾಗಲೇ ಅದರ ಸ್ವರೂಪದರ್ಶನವಾಗುತ್ತದೆ ಎಂಬುದು ಉಚ್ಚಭ್ರಮಣವಾದ. ಆಕ್ಸಿಲರೇಟರಿಗೆ ಕಾಲು ಸೋಕಿದೊಡನೆ ಕಾರು ಮುನ್ನುಗ್ಗಬೇಕು ಎಂಬುದು ಮಂದಭ್ರಮಣವಾದ. ಮೊದಲನೆಯ ಪಂಥದ ಆರಾಧ್ಯದೈವ 1999ರಿಂದ 2009ರವರೆಗೆ ತಯಾರಾದ, ಎರಡೇ ಸೀಟುಗಳ, ಎಂದೂ ಆಟೋಮ್ಯಾಟಿಕ್ ಗೇರಿನೊಂದಿಗೆ ಮಾರಾಟವಾಗದ ಹೋಂಡಾ ಎಸ್2000. ಅಮೆರಿಕದಲ್ಲಿ ಮೊದಲು ಮಾರಾಟವಾದ ಮಾದರಿಯ ಎರಡು ಲೀಟರಿನ ಎಂಜಿನ್ನು 240 ಅಶ್ವಶಕ್ತಿಯನ್ನು ಕೊಡುತ್ತದಾದರೂ, ಅದರ ಗರಿಷ್ಠ ಟಾರ್ಕು, ಸುಮಾರು 207 ನ್ಯೂಟನ್ ಮೀಟರು, ಪ್ರಾಪ್ತವಾಗುವುದು 7500 ಆರ್‌ಪಿಎಂನಲ್ಲಿ. ಇದರ ಅರ್ಥ ಅಂಕಗಣಿತದಿಂದ ಸ್ಪಷ್ಟವಾಗುತ್ತದೆ. ಮೊದಲ ಗೇರಿನಲ್ಲಿ ಎಂಜಿನ್ನು ಸುಮಾರು 15 ಸುತ್ತು ಸುತ್ತಿದರೆ ಹಿಂದಿನ ಚಕ್ರ ಒಂದು ಸುತ್ತು ಸುತ್ತುತ್ತದೆ; ಆ ಒಂದು ಸುತ್ತಿಗೆ ಕಾರು ಎರಡು ಮೀಟರಿಗೆ ತುಸು ಕಡಿಮೆ ದೂರ ಸಾಗುತ್ತದೆ. ಹೀಗಾಗಿ ಗಂಟೆಗೆ 20 ಕಿಲೋಮೀಟರಿನ ತೆವಳಾಟದಲ್ಲಿ ಎಂಜಿನ್ನು 2500ರ ಆಸುಪಾಸಿನಲ್ಲಿ ತೂಕಡಿಸುತ್ತಿರುತ್ತದೆ. ಸುಮಾರು 6000 ಆರ್‌ಪಿಎಂನಲ್ಲಿ ಕವಾಟಗಳ ಚಲನೆಯನ್ನು ಬದಲಿಸಿ ಎಂಜಿನ್ನಿಗೆ ಎರಡನೆಯ ಜನ್ಮ ಕೊಡುವ ವಿಟೆಕ್ ಎಂಬ ಯಂತ್ರಸಂಸ್ಕಾರವನ್ನು ಕಿವಿಯಾರೆ ಕೇಳಬೇಕಾದರೆ ಮೊದಲ ಗೇರಿನಲ್ಲೇ 48 ಕಿಲೋಮೀಟರು ಮುಟ್ಟಬೇಕು, ಗರಿಷ್ಠ ಟಾರ್ಕನ್ನು ಕಾಣಲು 60 ಮುಟ್ಟಬೇಕು. ಮುಂದಿನ ಲಾರಿಯ ಬಂಪರು ಇರುವುದು ಆರು ಅಡಿ ದೂರದಲ್ಲಿ.

ಗೇರು ಟಾರ್ಕನ್ನು ಹಿಗ್ಗಿಸುತ್ತದೆ, ಹಾಗಾಗಿ ಎಂಜಿನ್ನಿನ ಟಾರ್ಕನ್ನಷ್ಟೇ ನೋಡುವುದು ಅವಿವೇಕ ಎಂಬ ಉಚ್ಚಭ್ರಮಣವಾದಿಗಳ ಆಕ್ಷೇಪ ಸಾಧುವೇ. ಆದರೆ ತಯಾರಕರೇ 2004ರಲ್ಲಿ ಅಮೆರಿಕದ ಮಾದರಿಯ ಎಂಜಿನ್ನನ್ನು 2.2 ಲೀಟರಿಗೆ ಹಿಗ್ಗಿಸಿ, ಸುತ್ತಿನ ಮಿತಿಯನ್ನು ಸುಮಾರು 9000ದಿಂದ 8000ದ ಕಡೆಗೆ ಇಳಿಸಿ, ಟಾರ್ಕನ್ನು ತುಸು ಬೇಗನೆ ಎಟಕುವಂತೆ ಮಾಡಿದ್ದರಿಂದ ಪಂಥದೊಳಗೇ ಒಡಕುಂಟಾಯಿತು. ಹಳೆಯ ಎಂಜಿನ್ನೇ ಶ್ರೇಷ್ಠವೆನ್ನುವವರೂ ಹೊಸದೇ ಶ್ರೇಷ್ಠವೆನ್ನುವವರೂ ಇಂದಿಗೂ ಒಂದೇ ಪಂಕ್ತಿಯಲ್ಲಿ ಕೂರುವುದಿಲ್ಲ.

2012ರಲ್ಲಿ ಅವತರಿಸಿದ ಟೊಯೋಟಾ 86 ಮತ್ತು ಅದರ ಅವಳಿಯಾದ ಸುಬಾರು ಬಿಆರ್‌ಝಡ್ ಕಾರುಗಳದು ಇನ್ನೊಂದು ಬಗೆಯ ಸಂಕಟ. ಅವುಗಳ 205 ನ್ಯೂಟನ್ ಮೀಟರು ದೊರೆಯುವುದು 6400 ಆರ್‌ಪಿಎಂ ದಾಟಿದ ಮೇಲೆ. ಅದಕ್ಕೂ ಮೊದಲು, ನಾಲ್ಕು ಸಾವಿರದ ಆಸುಪಾಸಿನಲ್ಲಿ, ಟಾರ್ಕಿನ ರೇಖೆ ಏರುತ್ತಿದ್ದದ್ದು ಹಠಾತ್ತನೆ ಕುಸಿದು ಮತ್ತೆ ಏಳುತ್ತದೆ. ಟಾರ್ಕ್ ಡಿಪ್ ಎಂದು ಖ್ಯಾತವಾದ ಈ ಗುಂಡಿಯ ಪರಿಹಾರಕ್ಕಾಗಿ ಭಕ್ತರು ಎಂಜಿನ್ನಿನ ಹೊಗೆಕೊಳವೆಯನ್ನೇ ಬದಲಿಸಿ, ಅದನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನ ತಂತ್ರಾಂಶವನ್ನು ತಿದ್ದಿಸಿದರು. ಎರಡನೆಯ ತಲೆಮಾರಿನಲ್ಲಿ 2.4 ಲೀಟರಿನ ಎಂಜಿನ್ನು ಬಂದು, 3700 ಆರ್‌ಪಿಎಂನಲ್ಲೇ ಸುಮಾರು 250 ನ್ಯೂಟನ್ ಮೀಟರು ದೊರೆಯುವಂತಾದದ್ದನ್ನು ಮಂದಭ್ರಮಣವಾದಿಗಳು ತಮ್ಮ ದಿಗ್ವಿಜಯವೆಂದೇ ಎಣಿಸುತ್ತಾರೆ.

ಮಂದಭ್ರಮಣವಾದವನ್ನು ಅತಿಗೆ ಒಯ್ದರೆ ಏನಾಗುತ್ತದೆ ಎಂಬುದಕ್ಕೆ ಷೆವ್ರೊಲೆ ಕಾರ್ವೆಟ್ ಸಾಕ್ಷಿ. 1989ರಲ್ಲಿ ಅದಕ್ಕೆ ಆರು ಗೇರುಗಳು ಬಂದಾಗ, ನಿಧಾನವಾಗಿ ಓಡಿಸುವವನು ಮೊದಲ ಗೇರಿನಿಂದ ಎರಡಕ್ಕೆ ಹೋಗಲು ಯತ್ನಿಸಿದರೆ ಗೇರ್ ಹಿಡಿಯನ್ನು ತಡೆದು ನೇರವಾಗಿ ನಾಲ್ಕಕ್ಕೆ ತಳ್ಳುವ ಏರ್ಪಾಡೊಂದೂ ಜೊತೆಗೆ ಬಂತು. ಇಂಧನ ಪರೀಕ್ಷೆಯಲ್ಲಿ ಮೈಲೇಜು ಹೆಚ್ಚು ಕಾಣಲೆಂದು ಮಾಡಿದ ಈ ಉಪಾಯ ಸಾಧ್ಯವಾದದ್ದು, ನಾಲ್ಕನೆಯ ಗೇರಿನಲ್ಲೂ ಗೊಣಗದೆ ಎಳೆಯುವಷ್ಟು ಟಾರ್ಕು ಆ ಎಂಜಿನ್ನಿನಲ್ಲಿ ಇದ್ದುದರಿಂದ. ಸಮೃದ್ಧಿಯಿದ್ದಲ್ಲಿ ಮಾಲೀಕನಿಗೆ ಗೇರು ಆರಿಸುವ ಸ್ವಾತಂತ್ರ್ಯವೇ ಉಳಿಯದಿರುವುದು ಅರ್ಥಶಾಸ್ತ್ರಜ್ಞರು ಗಮನಿಸಬೇಕಾದ ಸಂಗತಿ.

ವಾದದಲ್ಲಿ ಸೋಲು ಸಮೀಪಿಸಿದಾಗ ಉಭಯಪಕ್ಷದವರೂ ಸ್ಯಾನ್ ಫ್ರಾನ್ಸಿಸ್ಕೋ ನಗರದ ಫಿಲ್ಬರ್ಟ್ ಬೀದಿಯನ್ನು ದೃಷ್ಟಾಂತವಾಗಿ ತರುತ್ತಾರೆ. ಹೈಡ್ ಮತ್ತು ಲೆವೆನ್‌ವರ್ತ್ ಬೀದಿಗಳ ನಡುವೆ ಅದರ ಇಳಿಜಾರು ಶೇಕಡ 31.5. ಅಂಥ ಏರಿನಲ್ಲಿ ಕ್ಲಚ್ಚು ಬಿಟ್ಟು ಕಾರನ್ನು ಎತ್ತಬೇಕಾದವನ ಗತಿಯೇನು ಎಂಬುದು ಪ್ರಶ್ನೆ. ಆ ತುಂಡು ಬೀದಿ ಕೆಳಮುಖದ ಏಕಮುಖ ಸಂಚಾರದ್ದಾಗಿರುವುದರಿಂದ, ಅಲ್ಲಿ ಬೇಕಾದದ್ದು ಟಾರ್ಕಲ್ಲ, ಬ್ರೇಕು.

ಇನ್ನು ಅದ್ವೈತ. ವಿದ್ಯುತ್ ಮೋಟಾರಿಗೆ ಗರಿಷ್ಠ ಟಾರ್ಕು ಶೂನ್ಯ ಆರ್‌ಪಿಎಂನಿಂದಲೇ ಲಭ್ಯವಾದ್ದರಿಂದ, ಅಲ್ಲಿ ಉಚ್ಚ, ಮಂದ ಎಂಬ ಭೇದವೇ ಅಳಿದುಹೋಗುತ್ತದೆ. ಅಂಥ ಕಾರುಗಳನ್ನು ತಯಾರಿಸುವ ಟೆಸ್ಲಾ ಕಾರ್ಖಾನೆ ಫ್ರೀಮಾಂಟಿನಲ್ಲಿ, ಇದೇ 880ನೇ ಹೆದ್ದಾರಿಯ ಮಗ್ಗುಲಲ್ಲೇ ಇದ್ದು, ಎಡಗಾಲು ಸೋತ ಅಧಿಕಾರಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ದರ್ಶನ ಕೊಡುತ್ತದೆ. ಎರಡೂ ಪಂಥದವರು ಇದಕ್ಕೆ ಒಟ್ಟಾಗಿ ಕೊಡುವ ಉತ್ತರ ಒಂದೇ: ಗೇರಿಲ್ಲದ್ದು ಕಾರಲ್ಲ, ಅಡ್ಡಡ್ಡ ಚಲಿಸುವ ಲಿಫ್ಟು. ಈ ಖಂಡನೆಯಲ್ಲಿ ತರ್ಕ ಕಡಿಮೆ, ಒಗ್ಗಟ್ಟು ಹೆಚ್ಚು.

ಇಷ್ಟೆಲ್ಲ ನಿರ್ಣಯವಾದ ಮೇಲೆ ಊರಿನಿಂದ ಅಪ್ಪ ಅಮ್ಮ ತಲಾ 23 ಕಿಲೋ ತೂಕದ ನಾಲ್ಕು ಸೂಟ್‌ಕೇಸುಗಳ ಸಮೇತ ವಿಮಾನನಿಲ್ದಾಣದಲ್ಲಿ ಇಳಿಯುತ್ತಾರೆ. ಎರಡು ಸೀಟುಗಳ ಕಾರಿನಲ್ಲಿ ಇವರನ್ನೆಲ್ಲ ತರುವ ವಿಧಿಯನ್ನು ಯಾವ ಆಚಾರ್ಯರೂ ಹೇಳಿಲ್ಲವಾಗಿ, ಮನೆಗೆ ಟೊಯೋಟಾ ಸಿಯೆನ್ನಾ ಎಂಬ ಮಿನಿವ್ಯಾನು ಪ್ರವೇಶಿಸುತ್ತದೆ. ಪ್ರವೇಶಿಸಿದ್ದು ಕಚೇರಿಗೂ ಹೋಗತೊಡಗುತ್ತದೆ. ಅದರ 2011ರ ಮಾದರಿಯ 3.5 ಲೀಟರಿನ ಎಂಜಿನ್ನಿನ ಟಾರ್ಕು ಸುಮಾರು 332 ನ್ಯೂಟನ್ ಮೀಟರು, ಅದೂ 4700 ಆರ್‌ಪಿಎಂನಲ್ಲಿ. ಮಿನಿವ್ಯಾನಿನ ತೂಕ ಹೆಚ್ಚಲ್ಲವೇ ಎಂಬ ಪೂರ್ವಪಕ್ಷವನ್ನೂ ಪರಿಶೀಲಿಸಬೇಕಾಗುತ್ತದೆ. ಎಸ್2000ದ ತೂಕ 1275 ಕಿಲೋ ಸುಮಾರು, ಸಿಯೆನ್ನಾದ್ದು ಎರಡು ಟನ್ನಿನ ಆಸುಪಾಸು. ಭಾಗಿಸಿ ನೋಡಿದರೆ ಎರಡಕ್ಕೂ ಟನ್ನಿಗೆ 160 ನ್ಯೂಟನ್ ಮೀಟರಿಗೆ ತುಸು ಮೇಲೆಯೇ ಬರುತ್ತದೆ, ಮತ್ತು ಮಿನಿವ್ಯಾನಿನಲ್ಲಿ ಹಪ್ಪಳದ ಡಬ್ಬಕ್ಕೂ ಜಾಗವಿರುತ್ತದೆ.