ದೊಡ್ಡವರ ಸಂಡೇ ಸ್ಕೂಲು

ನಮ್ಮ ಸಭೆಯವರ ಧಾರ್ಮಿಕ ವಿದ್ಯಾಭ್ಯಾಸ ಹದಿನೈದನೇ ವಯಸ್ಸಿಗೆ ಮುಗಿದುಹೋಗುತ್ತದೆ. ಆ ವಯಸ್ಸಿಗೆ ದೃಢೀಕರಣದ ತರಗತಿ. ಹತ್ತು ಆಜ್ಞೆ, ಕರ್ತನ ಪ್ರಾರ್ಥನೆ, ವಿಶ್ವಾಸ ಪ್ರಮಾಣ, ಈ ಮೂರನ್ನೂ ಉಸಿರು ಬಿಡದೆ ಒಪ್ಪಿಸಿದರೆ ಪಾಸು. ಬಿಷಪ್ಪರು ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಹುಡುಗರು ಹೊಸ ಷರ್ಟಿನಲ್ಲಿ, ಹುಡುಗಿಯರು ಬಿಳಿ ಬಟ್ಟೆಯಲ್ಲಿ ಚರ್ಚಿನ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮನೆಯಲ್ಲಿ ಬಿರಿಯಾನಿಯಾಗುತ್ತದೆ. ಅಲ್ಲಿಂದ ಮುಂದೆ ಐವತ್ತು ಅರವತ್ತು ವರ್ಷ ಅದೇ ಬಂಡವಾಳದಲ್ಲಿ ಸಂಸಾರ. ಮದುವೆ, ಸಾಲ, ಷುಗರು, ಸೊಸೆ, ಆಸ್ತಿ ಭಾಗ ಎಲ್ಲವನ್ನೂ ಹೈಸ್ಕೂಲು ಹುಡುಗನ ದೇವಶಾಸ್ತ್ರದಲ್ಲೇ ನಿಭಾಯಿಸಬೇಕು. ನಿಭಾಯಿಸುತ್ತಲೂ ಇದ್ದೆವು.

ಹೀಗಿರುವಾಗ ದೇವಶಾಸ್ತ್ರದ ಕಾಲೇಜಿನಿಂದ ಈಚೆಗಷ್ಟೇ ಹೊರಬಂದ ಚಿಕ್ಕ ವಯಸ್ಸಿನ ಅಯ್ಯನವರೊಬ್ಬರು ನಮ್ಮ ಊರಿಗೆ ಬಂದರು. ಬಂದ ಹೊಸದರಲ್ಲೇ, ಆರಾಧನೆ ಮುಗಿದು ಪ್ರಕಟಣೆ ಓದುವಾಗ, ವಯಸ್ಕರಿಗಾಗಿ ಶಿಷ್ಯತ್ವ ತರಗತಿ ಶುರುವಾಗುತ್ತದೆ, ಅಗತ್ಯ ಇರುವವರು ಹೆಸರು ಕೊಡಬಹುದು ಎಂದರು. ಯಾರಿಗೆ ಅಗತ್ಯ ಇದೆ ಎಂಬುದು ಸಭೆಯಲ್ಲಿ ಎಲ್ಲರಿಗೂ ಚೆನ್ನಾಗಿ ಗೊತ್ತಿತ್ತು. ಎಲ್ಲರೂ ಒಟ್ಟಿಗೆ ಪಕ್ಕದ ಸಾಲಿನ ಕಡೆ ತಿರುಗಿ ನೋಡಿದರು.

ಮೊದಲ ತಕರಾರು ಹೊತ್ತಿನದು. ಬುಧವಾರ ಸ್ತ್ರೀಸಂಘ, ಶನಿವಾರ ಗಾಯನವೃಂದದ ಅಭ್ಯಾಸ, ಭಾನುವಾರ ಮಧ್ಯಾಹ್ನ ಊಟದ ಮೇಲೆ ನಿದ್ದೆ. ಅಯ್ಯನವರು ಭಾನುವಾರ ಮಧ್ಯಾಹ್ನಕ್ಕೇ ಪಟ್ಟು ಹಿಡಿದರು. ಪೌಲನು ಎಫೆಸ ಪಟ್ಟಣದಲ್ಲಿ ತುರನ್ನನ ತರ್ಕಶಾಲೆಯಲ್ಲಿ ಎರಡು ವರ್ಷ ದಿನವೂ ಬೋಧಿಸಿದನಂತೆ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಪಾಠದ ವೇಳೆಯೂ ಬರೆದಿದೆಯಂತೆ: ಬೆಳಗಿನ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ. ಅಂದರೆ ಊರಿಗೆ ಊರೇ ಉಂಡು ಮಲಗುವ ಹೊತ್ತು, ಶಾಲೆ ಖಾಲಿ ಇರುವ ಹೊತ್ತು. "ನೋಡಿ, ಆ ಕಾಲದವರು ನಿದ್ದೆ ಬಿಟ್ಟು ಬರ್ತಿದ್ರು" ಎಂದರು. ನಮ್ಮ ಸಭೆಯ ರಿಟೈರ್ಡ್ ಹೆಡ್‌ಮೇಷ್ಟ್ರು ಎದ್ದು ನಿಂತರು. "ಅದೇ ಪುಸ್ತಕದಲ್ಲಿ ಮುಂದಿನ ಅಧ್ಯಾಯ ಓದಿ ಅಯ್ನೋರೆ. ಯೂತಿಖ."

ಅಯ್ಯನವರು ಸುಮ್ಮನಾದರು. ಯೂತಿಖನ ಕಥೆ ಗೊತ್ತಿಲ್ಲದವರಿಗೆ ಹೇಳಬೇಕು. ತ್ರೋವ ಎಂಬ ಊರಿನ ಒಂದು ಮಾಳಿಗೆಯಲ್ಲಿ ಪೌಲನು ಮಧ್ಯರಾತ್ರಿಯವರೆಗೆ ಪ್ರಸಂಗ ಮಾಡಿದನು. ಕಿಟಕಿಯಲ್ಲಿ ಕೂತಿದ್ದ ಯೂತಿಖನೆಂಬ ಯುವಕ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದು ಸತ್ತೇಹೋದನು. ಪೌಲನು ಇಳಿದು ಬಂದು ಅವನನ್ನು ತಬ್ಬಿಕೊಂಡು ಬದುಕಿಸಿದನು. ಆಮೇಲೆ ಏನು ಮಾಡಿದ ಎಂಬುದೇ ಮುಖ್ಯ. ಮೇಲೆ ಹೋಗಿ ಊಟ ಮಾಡಿ ಬೆಳಗಾಗುವ ತನಕ ಮಾತು ಮುಂದುವರಿಸಿದನು. ಪಾಠ ಮಾಡುವವರ ಸ್ವಭಾವ ಎರಡು ಸಾವಿರ ವರ್ಷದಲ್ಲಿ ಹೆಚ್ಚೇನೂ ಬದಲಾಗಿಲ್ಲ. ತರಗತಿ ಶುಕ್ರವಾರ ಸಂಜೆ ಆರೂವರೆಗೆ ನಿಕ್ಕಿಯಾಯಿತು, ನೆಲ ಅಂತಸ್ತಿನಲ್ಲಿ.

ನೆಲ ಅಂತಸ್ತಿನಲ್ಲಿ ಇರುವುದು ಸಂಡೇ ಸ್ಕೂಲಿನ ಕೋಣೆ. ಆರು ವರ್ಷದ ಮಕ್ಕಳಿಗೆಂದು ಮಾಡಿಸಿದ ಗಿಡ್ಡ ಬೆಂಚುಗಳು. ಅವುಗಳ ಮೇಲೆ ನಿವೃತ್ತರು ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತದೆ. ಗೋಡೆಯ ಮೇಲೆ ಮರ ಹತ್ತಿ ಕುಳಿತ ಜಕ್ಕಾಯನ ಬಣ್ಣದ ಚಿತ್ರ. ಅವನೊಬ್ಬನಿಗೇ ಆ ಕೋಣೆಯಲ್ಲಿ ಆರಾಮವಾದ ಆಸನ.

ಬಂದವರು ಯಾರು ಯಾರು? ಹೆಡ್‌ಮೇಷ್ಟ್ರು ಬಂದರು, ತಮಗೆ ಇದರಿಂದ ಪ್ರಯೋಜನವಿಲ್ಲ, ಅಯ್ಯನವರಿಗೆ ಪ್ರೋತ್ಸಾಹವಾಗಲಿ ಎಂದು. ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದು ಈಗಲೂ ಊರಿಗೆಲ್ಲ ಇಂಜೆಕ್ಷನ್ ಕೊಡುವ ಸಿಸ್ಟರ್ ಆಂಟಿ ಬಂದರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು ಕನ್ನಡಕ, ಪೆನ್ನು, ಉದ್ದನೆ ನೋಟ್‌ಬುಕ್ಕಿನ ಸಮೇತ ಬಂದರು. ಬಸ್ ಕಂಡಕ್ಟರಾಗಿ ಮೂವತ್ತು ವರ್ಷ ನಿಂತೇ ಸವೆಸಿದ ಅಂಕಲ್ ಒಬ್ಬರು, "ಕೂತ್ಕೊಳ್ಳೋಕೆ ಜಾಗ ಇದೆ ಅಂದ್ರಲ್ಲ, ಅದಕ್ಕೆ ಬಂದೆ" ಎಂದರು. ಸ್ತ್ರೀಸಂಘದ ಕಾರ್ಯದರ್ಶಿ, ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಿಂದಲೇ ಮಾಡುವ ಹುಡುಗ, ಹೊಸದಾಗಿ ಮದುವೆಯಾದ ಒಂದು ಜೋಡಿ, ಮತ್ತೆ ನಾನು. ಜೋಡಿಯನ್ನು ಕಳಿಸಿದ್ದು ಅತ್ತೆಯವರು, ಸೊಸೆ ಸ್ವಲ್ಪ ಕಲಿಯಲಿ ಎಂದು.

"ಮನೆಯಲ್ಲಿ ಜಗಳ ಆದಾಗ ನೀವೆಲ್ಲ ಏನು ಮಾಡ್ತೀರಿ?" ಎಂಬುದು ಮೊದಲ ಶುಕ್ರವಾರದ ಪ್ರಶ್ನೆ.

"ಪ್ರಾರ್ಥನೆ ಮಾಡ್ತೀವಿ" ಎಂದರು ಹೆಡ್‌ಮೇಷ್ಟ್ರು. "ಪ್ರಾರ್ಥನೆ" ಎಂದರು ಸಿಸ್ಟರ್ ಆಂಟಿ. "ಮೊದಲು ವಾಕ್ಯ ಓದಿ, ಆಮೇಲೆ ಪ್ರಾರ್ಥನೆ" ಎಂದು ಕಾರ್ಯದರ್ಶಿಗಳು ತಿದ್ದಿದರು. ಚರ್ಚಿನ ಕೋಣೆಯಲ್ಲಿ ಕೇಳುವ ಪ್ರಶ್ನೆ ಯಾವುದೇ ಇರಲಿ, ಉತ್ತರ ಇವೆರಡರಲ್ಲಿ ಒಂದು ಎಂಬುದು ನಮಗೆ ಎಳವೆಯಲ್ಲೇ ಮನವರಿಕೆಯಾದ ಸತ್ಯ. ಸರದಿ ಹೊಸ ಸೊಸೆಗೆ ಬಂತು. ಆಕೆ ಸ್ವಲ್ಪ ಯೋಚಿಸಿ, "ನಮ್ಮನೇಲಿ ಅತ್ತೆ ಟೀವಿ ಸೌಂಡ್ ಜಾಸ್ತಿ ಮಾಡ್ತಾರೆ" ಎಂದಳು.

ಗಂಡ ಜಕ್ಕಾಯನನ್ನು ನೋಡತೊಡಗಿದ. ಉಳಿದವರು ಗಿಡ್ಡ ಬೆಂಚಿನಲ್ಲೇ ನೆಟ್ಟಗೆ ಕೂತರು. ಶಿಷ್ಯತ್ವ ತರಗತಿ ನಿಜವಾಗಿ ಶುರುವಾದದ್ದು ಆ ಕ್ಷಣದಲ್ಲಿ ಎಂದು ನನ್ನ ಅಭಿಪ್ರಾಯ. ಮುಂದಿನ ಅರ್ಧ ಗಂಟೆಯಲ್ಲಿ ಹೆಡ್‌ಮೇಷ್ಟ್ರು ಜಗಳವಾದರೆ ವಾಕಿಂಗ್ ಹೋಗುತ್ತಾರೆಂದೂ, ಸಿಸ್ಟರ್ ಆಂಟಿ ಪಾತ್ರೆ ತೊಳೆಯುತ್ತಾರೆಂದೂ, ಎಷ್ಟು ಶಬ್ದವಾದರೆ ಎಷ್ಟು ಕೋಪ ಎಂಬುದಕ್ಕೆ ಅವರ ಯಜಮಾನರ ಹತ್ತಿರ ಲೆಕ್ಕ ಇದೆಯೆಂದೂ ತಿಳಿಯಿತು.

ದೊಡ್ಡವರಿಗೆ ಪಾಠ ಹೇಳುವ ಕಷ್ಟ ಇದೇ. ವಿದ್ಯಾರ್ಥಿಯಾಗಿ ಬರುವವನು ಒಬ್ಬನೂ ಇಲ್ಲ. ಎಲ್ಲರೂ ಪರೀಕ್ಷಕರಾಗಿ ಬರುತ್ತಾರೆ. ಲೂಥರ್ ಮಹಾಶಯರಿಗೂ ಈ ಅನುಭವವಾಗಿತ್ತು. 1528ರಲ್ಲಿ ಸ್ಯಾಕ್ಸನಿಯ ಹಳ್ಳಿ ಸಭೆಗಳನ್ನು ತಪಾಸಣೆ ಮಾಡಲು ಹೋಗಿ, ಜನಕ್ಕಿರಲಿ, ಎಷ್ಟೋ ಕಡೆ ಪಾದ್ರಿಗಳಿಗೇ ಏನೂ ಗೊತ್ತಿಲ್ಲದ್ದನ್ನು ಕಂಡು ಗಾಬರಿಯಾಗಿ, ಮರುವರ್ಷವೇ ಸಣ್ಣ ಪ್ರಶ್ನೋತ್ತರ ಪುಸ್ತಕವೊಂದನ್ನು ಬರೆದರು. ಮನೆಯ ಯಜಮಾನ ಹೆಂಡತಿ ಮಕ್ಕಳಿಗೆ, ಆಳುಕಾಳುಗಳಿಗೆ ಹೇಳಿಕೊಡಲಿ ಎಂಬುದು ಉದ್ದೇಶ. ಯಜಮಾನನಿಗೇ ಪಾಠ ಆಗಬೇಕು ಎಂದು ನೇರವಾಗಿ ಹೇಳಿದರೆ ಅವನು ಬರುವುದಿಲ್ಲ. ನೀನೇ ಮೇಷ್ಟ್ರು ಎಂದು ಕೈಗೆ ಪುಸ್ತಕ ಕೊಟ್ಟರೆ ರಾತ್ರಿ ಗುಟ್ಟಾಗಿ ಓದಿಕೊಳ್ಳುತ್ತಾನೆ. ಜಾಣತನ ಅಂದರೆ ಇದು.

ನಮ್ಮ ಸಭೆ ಹಳೇ ಮೈಸೂರು ಸೀಮೆಯದು, ವೆಸ್ಲಿಯನ್ ಮಿಷನ್ನಿನವರು ಕಟ್ಟಿದ್ದು. 1947ರಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳವರು ಎಲ್ಲ ಕೂಡಿ ದಕ್ಷಿಣ ಇಂಡಿಯಾ ಸಭೆ ಆದಾಗ ನಾವೂ ಅದರೊಳಗೆ ಸೇರಿದೆವು. ಈಗಿನವರಿಗೆ ಸಿಎಸ್‌ಐ ಎಂದರೇನೇ ತಿಳಿಯುವುದು. ನಮ್ಮ ಹಿರಿಯರ ಹಿರಿಯರಾದ ಜಾನ್ ವೆಸ್ಲಿಯವರು ದೊಡ್ಡವರಿಗೆ ತರಗತಿ ಶುರುಮಾಡಿದ ಬಗೆಯನ್ನು ಅಯ್ಯನವರು ಬಹಳ ಹೆಮ್ಮೆಯಿಂದ ವಿವರಿಸಿದರು. ಅದೊಂದು ಸೊಗಸಾದ ಕಥೆ.

1742ರಲ್ಲಿ ಬ್ರಿಸ್ಟಲ್ ಊರಿನ ಮೆಥಡಿಸ್ಟರ ತಲೆಯ ಮೇಲೆ ಕಟ್ಟಡದ ಸಾಲವಿತ್ತು. ತೀರಿಸುವುದು ಹೇಗೆ ಎಂದು ಸಭೆ ಸೇರಿದಾಗ ಕ್ಯಾಪ್ಟನ್ ಫಾಯ್ ಎಂಬಾತ ಎದ್ದು, ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದ. ಬಡವರು ಎಲ್ಲಿಂದ ತರಬೇಕು ಎಂದು ಆಕ್ಷೇಪ ಬಂತು. "ಅತಿ ಬಡವರಾದ ಹನ್ನೊಂದು ಜನರನ್ನು ನನ್ನ ಪಾಲಿಗೆ ಬಿಡಿ, ಅವರಿಂದ ಆಗದಿದ್ದರೆ ನಾನೇ ತುಂಬುತ್ತೇನೆ" ಎನ್ನುವ ಅರ್ಥದಲ್ಲಿ ಅವನು ಉತ್ತರ ಕೊಟ್ಟ. ಹೀಗೆ ಹನ್ನೆರಡು ಹನ್ನೆರಡು ಜನರ ಗುಂಪುಗಳಾದವು. ಗುಂಪಿನ ನಾಯಕ ವಾರವಾರ ಮನೆಮನೆಗೆ ವಸೂಲಿಗೆ ಹೊರಟ. ಹೇಳದೆ ಕೇಳದೆ ಬಾಗಿಲು ತಟ್ಟಿದವನಿಗೆ ಏನು ಕಾಣಬೇಕೋ ಅದೆಲ್ಲ ಕಂಡಿತು. ಒಬ್ಬ ಕುಡಿದಿದ್ದ, ಇನ್ನೊಬ್ಬನ ಮನೆಯಲ್ಲಿ ಗಂಡಹೆಂಡಿರ ಜಗಳ. ವರದಿ ವೆಸ್ಲಿಯವರ ಕಿವಿಗೆ ಮುಟ್ಟಿತು. ಇಷ್ಟು ದಿನ ತಾವು ಹುಡುಕುತ್ತಿದ್ದ ಉಪಾಯ ಇದೇ ಎಂದು ಅವರಿಗೆ ಹೊಳೆಯಿತು. ಮನೆಮನೆ ತಿರುಗುವುದು ಕಷ್ಟವಾದಾಗ ಎಲ್ಲರೂ ಒಂದು ಕಡೆ ಸೇರತೊಡಗಿದರು. ಹಣದ ಜೊತೆಗೆ ಆತ್ಮದ ಆರೋಗ್ಯವನ್ನೂ ವಿಚಾರಿಸುವುದು ರೂಢಿಯಾಯಿತು. ಮೂರು ತಿಂಗಳಿಗೊಮ್ಮೆ ಸದಸ್ಯರಿಗೆ ಟಿಕೆಟ್ಟು. ನಡತೆ ಸರಿಯಿಲ್ಲದಿದ್ದರೆ ಟಿಕೆಟ್ಟಿಲ್ಲ.

ಇಲ್ಲಿಗೆ ಬಂದಾಗ ಕಂಡಕ್ಟರ್ ಅಂಕಲ್ ಮುಖದಲ್ಲಿ ಕಂಡ ತೃಪ್ತಿಯನ್ನು ಬಣ್ಣಿಸಲಾರೆ. "ಟಿಕೆಟ್ ಇಲ್ದೆ ಹತ್ತಿದವರನ್ನ ಏನು ಮಾಡ್ತಿದ್ರು ಅಯ್ನೋರೆ? ಮುಂದಿನ ಸ್ಟಾಪಲ್ಲಿ ಇಳಿಸ್ತಿದ್ರಾ?"

ಈ ಅಂಕಲ್ ಇಲ್ಲದಿದ್ದರೆ ತರಗತಿ ಎಂದೋ ಮುಚ್ಚಿಹೋಗುತ್ತಿತ್ತು. ತಿಳಿಯದ್ದನ್ನು ತಿಳಿಯಲಿಲ್ಲ ಎನ್ನುವ ಧೈರ್ಯ ನಮ್ಮ ಪೈಕಿ ಅವರೊಬ್ಬರಿಗೇ ಇರುವುದು. ನಾವೆಲ್ಲ ಸರದಿಯಲ್ಲಿ ಓದುವಾಗ ವಂಶಾವಳಿ ಬಂದರೆ ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ಪಕ್ಕದವರಿಗೆ ದಾಟಿಸುತ್ತೇವೆ. ಅವರು ಯೆಶಾಯನ ಮಗನ ಹೆಸರು ಮಹೇರ್ ಶಾಲಾಲ್ ಹಾಷ್ ಬಜ್ ಎಂಬುದನ್ನು ತಡವರಿಸಿ ತಡವರಿಸಿ ಓದಿ ಮುಗಿಸಿ, "ಊಟಕ್ಕೆ ಕರೆಯೋ ಹೊತ್ತಿಗೆ ಅನ್ನ ತಣ್ಣಗಾಗ್ತಿತ್ತಲ್ಲ" ಎಂದು ಮರುಗಿದರು. ನಿಕೊದೇಮನು ರಾತ್ರಿ ಹೊತ್ತು ಯೇಸುವಿನ ಬಳಿಗೆ ಬಂದು, ಮುದುಕನಾದವನು ಮತ್ತೆ ಹುಟ್ಟುವುದು ಹೇಗೆ, ತಾಯಿಯ ಗರ್ಭವನ್ನು ಎರಡನೇ ಸಲ ಸೇರಲಾದೀತೇ ಎಂದು ಕೇಳಿದನಲ್ಲ, ಅವನೂ ಇಂಥ ಜೀವವೇ ಇರಬೇಕು. ದೊಡ್ಡ ಪಂಡಿತ, ಆದರೂ ನಾಚಿಕೆ ಬಿಟ್ಟು ಪೆದ್ದು ಪ್ರಶ್ನೆ ಕೇಳಿದ. ಅದರಿಂದ ಯೋಹಾನನ ಸುವಾರ್ತೆಗೆ ಒಂದು ಒಳ್ಳೆಯ ಅಧ್ಯಾಯ ದಕ್ಕಿತು. ಹೆಡ್‌ಮೇಷ್ಟ್ರಂಥವರು ಹೋಗಿದ್ದರೆ "ಗೊತ್ತು ಗೊತ್ತು" ಎಂದು ತಲೆಯಾಡಿಸಿ ವಾಪಸು ಬರುತ್ತಿದ್ದರು.

ಹಾಗೆ ನೋಡಿದರೆ ಯೇಸುವಿನ ಆ ಮೊದಲ ಹನ್ನೆರಡು ಶಿಷ್ಯರೂ ಜಾಣ ವಿದ್ಯಾರ್ಥಿಗಳಲ್ಲ. ಸಾಮ್ಯ ಹೇಳಿದರೆ ಅರ್ಥ ಕೇಳುತ್ತಾರೆ, ತಮ್ಮಲ್ಲಿ ಯಾರು ದೊಡ್ಡವನೆಂದು ದಾರಿಯುದ್ದಕ್ಕೂ ವಾದಿಸುತ್ತಾರೆ. ಜೆಬೆದಾಯನ ಮಕ್ಕಳಿಗಂತೂ ತಾಯಿಯೇ ಬಂದು ಎಡಕ್ಕೊಂದು ಬಲಕ್ಕೊಂದು ಸೀಟು ಕೇಳುತ್ತಾಳೆ. ನಮ್ಮ ಸಭಾ ಕಮಿಟಿಯ ಚುನಾವಣೆ ಕಂಡವರಿಗೆ ಈ ಭಾಗಕ್ಕೆ ವ್ಯಾಖ್ಯಾನ ಬೇಕಾಗಿಲ್ಲ.

ಪಾಠವಾದ ಮೇಲೆ ಪ್ರಾರ್ಥನೆಯ ವಿಷಯಗಳನ್ನು ಹಂಚಿಕೊಳ್ಳುವುದು. ಇದಕ್ಕೆ ಹಾಜರಾತಿ ಯಾವಾಗಲೂ ಪೂರ್ತಿ. ಬೇರೆ ಕಡೆ ಆಡಿದರೆ ಚಾಡಿಯಾಗುವಂಥದ್ದು "ಪ್ರಾರ್ಥನೆಗೋಸ್ಕರ ಹೇಳ್ತಿದ್ದೀನಿ" ಎಂದು ಶುರುಮಾಡಿದ ಕೂಡಲೇ ಕನಿಕರವಾಗುತ್ತದೆ. ಯಾರ ಮಗಳು ಯಾರ ಬೈಕಿನಲ್ಲಿ ಕಂಡಳು ಎಂಬುದನ್ನು ಕಾರ್ಯದರ್ಶಿಗಳು ಕಣ್ಣುಮುಚ್ಚಿಕೊಂಡು, ದೇವರಿಗೇ ತಿಳಿಸುವ ಧಾಟಿಯಲ್ಲಿ, ಬೈಕಿನ ಬಣ್ಣದ ಸಮೇತ ನಿವೇದಿಸುತ್ತಾರೆ. ಆಮೆನ್ ಎಂದ ಮೇಲೆ ಚಹಾ, ಚೌಚೌ.

ಇಷ್ಟರಲ್ಲಿ ಪೌಲನು ಫಿಲೆಮೋನನಿಗೆ ಬರೆದ ಪತ್ರಿಕೆ ಪಾಠಕ್ಕೆ ಬಂತು. ಇಪ್ಪತ್ತೈದೇ ವಚನ, ಒಂದೇ ಕೂತಿನಲ್ಲಿ ಮುಗಿದುಹೋಗುತ್ತದೆ ಎಂದುಕೊಂಡು ಅಯ್ಯನವರು ತೆಗೆದುಕೊಂಡಿದ್ದರು. ಅವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಬ್ಯಾಂಕ್ ಮ್ಯಾನೇಜರು ಹೆಡ್‌ಮೇಷ್ಟ್ರಿಗೆ ಮಗಳ ಮದುವೆಯ ಕಾಲಕ್ಕೆ ಕೈಗಡವಾಗಿ ಒಂದಷ್ಟು ಹಣ ಕೊಟ್ಟಿದ್ದರು. ಆ ಮಗಳ ಮಗ ಈಗ ಯುಕೆಜಿ. ಹಣದ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ, ಬೇರೆ ಮಾತನ್ನೂ ಆಡುತ್ತಿರಲಿಲ್ಲ. ಕೋಣೆಯ ಈ ತುದಿಗೊಬ್ಬರು ಆ ತುದಿಗೊಬ್ಬರು. ಊರಿಗೆಲ್ಲ ಗೊತ್ತಿದ್ದ ಈ ಕಥೆ ಪ್ರಾರ್ಥನಾ ವಿಷಯವಾಗಿ ಬರದೆ ಉಳಿದದ್ದು, ಇಬ್ಬರೂ ಪ್ರತಿವಾರ ಹಾಜರಿದ್ದದ್ದರಿಂದ ಮಾತ್ರ.

ಒನೇಸಿಮನೆಂಬ ದಾಸ ತನ್ನ ಯಜಮಾನ ಫಿಲೆಮೋನನನ್ನು ಬಿಟ್ಟು ಹೋಗಿ ಪೌಲನ ಬಳಿ ಸೇರಿದ್ದಾನೆ. ಪೌಲ ಸೆರೆಯಲ್ಲಿದ್ದಾನೆ. ಒನೇಸಿಮನನ್ನು ಹಿಂದಕ್ಕೆ ಕಳಿಸುತ್ತಾ ಯಜಮಾನನಿಗೆ ಪತ್ರ ಬರೆಯುತ್ತಾನೆ: ದಾಸನೆಂದಲ್ಲ, ತಮ್ಮನೆಂದು ಸೇರಿಸಿಕೋ, ಅವನಿಂದ ನಿನಗೆ ನಷ್ಟವಾಗಿದ್ದರೆ, ಸಾಲವಿದ್ದರೆ, ಅದನ್ನು ನನ್ನ ಲೆಕ್ಕಕ್ಕೆ ಹಾಕು. ಇದನ್ನು ಸ್ವಂತ ಕೈಯಿಂದ ಬರೆದಿದ್ದೇನೆ ಎಂದೂ ಸೇರಿಸುತ್ತಾನೆ. ಕಂಡಕ್ಟರ್ ಅಂಕಲ್ ತಕ್ಷಣ ಬೆರಳೆತ್ತಿದರು.

"ಹಾಗಾದ್ರೆ ಫಿಲೆಮೋನ ದುಡ್ಡು ವಸೂಲಿ ಮಾಡಿದ್ನೋ ಇಲ್ವೋ?"

"ಸತ್ಯವೇದದಲ್ಲಿ ಹೇಳಿಲ್ಲ" ಎಂದರು ಅಯ್ಯನವರು.

"ಕೈಬರಹ ಇದೆಯಲ್ಲ. ಪ್ರೋನೋಟು ಆದ ಹಾಗೇ ಅಲ್ವಾ?"

ಎಲ್ಲರೂ ಮ್ಯಾನೇಜರರ ಕಡೆ ನೋಡಿದರು. ಅವರು ಪೆನ್ನು ಕೆಳಗಿಟ್ಟರು. "ರೆವಿನ್ಯೂ ಸ್ಟಾಂಪ್ ಇಲ್ಲ. ನಡೆಯೋಲ್ಲ."

"ಸ್ಟಾಂಪ್ ಇಲ್ದೆ ಕೊಟ್ಟವನದ್ದು ತಪ್ಪೋ, ಇಸ್ಕೊಂಡವನದ್ದೋ?" ಎಂದರು ಸಿಸ್ಟರ್ ಆಂಟಿ. ಅವರು ಸೂಜಿ ಚುಚ್ಚುವುದು ಯಾವಾಗಲೂ ಹೀಗೇ, ನೋವು ಗೊತ್ತಾಗುವ ಮೊದಲೇ ಮುಗಿದಿರುತ್ತದೆ.

ಹೆಡ್‌ಮೇಷ್ಟ್ರು ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ಗಂಟಲು ಸರಿಮಾಡಿಕೊಂಡರು. ವ್ಯಾಕರಣ ತಪ್ಪು ಹುಡುಕಬಹುದೆಂದು ನಾವು ಕಾದೆವು. "ಇಪ್ಪತ್ತೆರಡನೇ ವಚನ ನೋಡಿ" ಎಂದರು. "ನನಗೊಂದು ರೂಮು ರೆಡಿ ಮಾಡಿಡು, ನಾನು ಬರ್ತೀನಿ ಅಂತ ಬರೆದಿದ್ದಾನೆ. ಸಾಲ ಒಪ್ಕೊಂಡವನು ಮನೆಗೇ ಬರ್ತೀನಿ ಅಂತಾನೆ. ಗಟ್ಟಿ ಮನುಷ್ಯ." ಸ್ವಲ್ಪ ತಡೆದು, "ನಂಗೆ ಬೀದಿ ಬದಲಾಯಿಸಿ ಅಭ್ಯಾಸ" ಎಂದರು.

ಯಾರೂ ಪ್ರಾರ್ಥನೆ ಎನ್ನಲಿಲ್ಲ. ಅಯ್ಯನವರು ತಯಾರಿ ಮಾಡಿಕೊಂಡು ಬಂದಿದ್ದ ಹಾಳೆಗಳನ್ನು ಮಡಚಿ ಸತ್ಯವೇದದೊಳಗೆ ಇಟ್ಟುಕೊಂಡರು. ಅವರು ಮಾಡಿದ ಅತ್ಯುತ್ತಮ ಪಾಠ ಅದು ಎಂದು ಈಗಲೂ ನನ್ನ ಎಣಿಕೆ.

ಚಹಾ ಬಂದಾಗ ಮ್ಯಾನೇಜರು ಎರಡು ಲೋಟ ಹಿಡಿದುಕೊಂಡು ಆ ತುದಿಗೆ ನಡೆದರು. ಕಾರ್ಯದರ್ಶಿಗಳು ಚೌಚೌ ತಟ್ಟೆಯ ನೆಪದಲ್ಲಿ ಹಿಂದೆಯೇ ಹೋದರು. ಆದ್ದರಿಂದ ಮುಂದಿನ ಮಾತು ನಮಗೆಲ್ಲ ಅಕ್ಷರಶಃ ತಿಳಿದಿದೆ.

"ಮೇಷ್ಟ್ರೆ, ಮುಂದಿನ ಶುಕ್ರವಾರ ಬರ್ತೀರಲ್ಲ?"

"ಬರದೆ ಏನ್ಮಾಡ್ಲಿ? ತಿಂಗಳಿಗೆ ಎರಡು ಸಾವಿರದಂತೆ ತಂದರೂ ಮಲಾಕಿಯನವರೆಗೆ ಬರಬೇಕಾಗುತ್ತೆ. ಶುರುಮಾಡೋದು ಆದಿಕಾಂಡದಿಂದಲೇ ಆಗಲಿ ಅಂತ ಅಯ್ನೋರಿಗೆ ಹೇಳಿ."