ಅಟ್ಟ ಉದುರುವ ಕಾಲ

ಅಕ್ಟೋಬರ್ ಬಂತೆಂದರೆ ನ್ಯೂಜೆರ್ಸಿಯಲ್ಲಿರುವ ನಮ್ಮಕ್ಕನ ಮಗ ಮನೆಯ ವಾಟ್ಸಾಪ್ ಗುಂಪಿಗೆ ಎಲೆಗಳ ಫೋಟೊ ಸುರಿಯಲು ಶುರುಮಾಡುತ್ತಾನೆ. ಕೆಂಪು ಮೇಪಲ್, ಹಳದಿ ಮೇಪಲ್, ಮೇಪಲ್ ಕೆಳಗೆ ಅವನ ಹೆಂಡತಿ, ಹೆಂಡತಿಯ ಕೈಯಲ್ಲಿ ಅದೇ ಮರದ ಒಂದು ಎಲೆ. ಎಲೆಯೊಳಗೆ ಹಳದಿ ಮೊದಲಿನಿಂದಲೂ ಇರುತ್ತದೆ, ಚಳಿಗಾಲ ಹತ್ತಿರವಾಗಿ ಹಸಿರು ಕರಗಿದ ಮೇಲೆ ಅದು ಕಣ್ಣಿಗೆ ಬೀಳುತ್ತದೆ ಅಷ್ಟೆ ಎಂದು ಕೆಳಗೊಂದು ವಿಜ್ಞಾನದ ಟಿಪ್ಪಣಿಯನ್ನೂ ಬರೆದಿದ್ದ. ನಮ್ಮಮ್ಮ ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ಒಂದೊಂದಾಗಿ ನೋಡಿ, "ಪಾಪ, ಅಷ್ಟು ದೊಡ್ಡ ಮನೆ ತಗೊಂಡಿದಾನೆ, ಅಂಗಳ ಗುಡಿಸೋಕೆ ಒಬ್ಬರೂ ಗತಿ ಇಲ್ಲ ನೋಡು" ಎಂದರು.

ನಮ್ಮ ಕಡೆ ಶರದೃತುವಿನಲ್ಲಿ ಎಲೆ ಉದುರುವುದಿಲ್ಲ. ಹೊಂಗೆ, ಬೇವು, ಅರಳಿಗಳು ಆ ಕೆಲಸವನ್ನು ಶಿವರಾತ್ರಿಯ ಆಸುಪಾಸಿಗೆ ಮುಂದೂಡುತ್ತವೆ. ಹಾಸನ ಸೀಮೆಯಲ್ಲಿ ಈ ಕಾಲಕ್ಕೆ ಉದುರುವುದು ಅಟ್ಟ. ಮಹಾಲಯ ಅಮಾವಾಸ್ಯೆ ಕಳೆಯುವುದೇ ತಡ, ಮನೆಮನೆಗಳಲ್ಲೂ ಏಣಿ ಎದ್ದು ನಿಲ್ಲುತ್ತದೆ. ಏಣಿ ಹತ್ತುವವನು ಮನೆಯ ಯಜಮಾನ. ಅದನ್ನು ಕೆಳಗೆ ಹಿಡಿದುಕೊಂಡವಳು ಮನೆ ನಡೆಸುವವಳು. ಮೇಲಿನವನು "ಇದನ್ನ ಬಿಸಾಕಲಾ?" ಎನ್ನುತ್ತಾನೆ. ಕೆಳಗಿನವಳು "ಇರಲಿ, ಬೇಕಾಗತ್ತೆ" ಎನ್ನುತ್ತಾಳೆ. ಹೀಗೆ ಇಳಿದ ಸಾಮಾನೆಲ್ಲ ಧೂಳು ಹೊಡೆಸಿಕೊಂಡು, ಬಿಸಿಲು ಕಂಡು, ದೀಪಾವಳಿಯೊಳಗೆ ಮತ್ತೆ ಅಟ್ಟ ಸೇರುತ್ತದೆ. ಇದಕ್ಕೆ ನಾವು ಮನೆ ಕ್ಲೀನ್ ಮಾಡುವುದು ಎನ್ನುತ್ತೇವೆ.

ಹೊಳೆನರಸೀಪುರದಲ್ಲಿ ಅಮ್ಮ ಇರುವ ಹಳೆಯ ಹೆಂಚಿನ ಮನೆಯ ಅಟ್ಟ ಉದುರಿಸಲು ನಾನೂ ನನ್ನಾಕೆಯೂ ಹಾಸನದಿಂದ ಹೋಗುತ್ತೇವೆ. ದಾರಿಯುದ್ದಕ್ಕೂ ರಾಗಿ ತೆನೆ ಕಟ್ಟಿರುತ್ತದೆ. ನಡುನಡುವೆ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟು, ಹಸಿರು ಸೀರೆಗೆ ಯಾರೋ ಹಳದಿ ಗೀರು ನೇಯ್ದ ಹಾಗೆ ಕಾಣುತ್ತದೆ. ಬೆಂಗಳೂರಿನ ಕಾರುಗಳು ನಿಂತು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತವೆ. ಹುಚ್ಚೆಳ್ಳು ಕಾಳು ಕಟ್ಟಬೇಕಾದರೆ ಜೇನುಹುಳ ಬೇಕೇ ಬೇಕು. ಸೆಲ್ಫಿಯವರು ಅದು ಕಚ್ಚಿದಾಗ ಹೊಲದವನನ್ನು ಬೈಯುತ್ತಾರೆ. ಬದುವಿನಲ್ಲಿ ಅಣ್ಣೆಸೊಪ್ಪು ತೆಳುಗುಲಾಬಿ ಕುಚ್ಚು ಬಿಟ್ಟುಕೊಂಡು ತೂಗುತ್ತಿರುತ್ತದೆ. ಇವೆರಡನ್ನೂ ಚೆಂಡುಹೂವಿನ ಜೊತೆ ಸಗಣಿಯುಂಡೆಗೆ ಸಿಕ್ಕಿಸಿ ಬಲಿಪಾಡ್ಯಮಿಯ ದಿನ ಹೊಸಿಲಲ್ಲಿ ಇಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಹುಚ್ಚೆಳ್ಳಿನ ಚಟ್ನಿಪುಡಿಯ ಬಗ್ಗೆ ಇಲ್ಲಿ ಬರೆಯಲು ಕೂತರೆ ಪ್ರಬಂಧ ಅಲ್ಲಿಗೇ ಮುಗಿಯುತ್ತದೆ. ರಾಗಿರೊಟ್ಟಿ, ಬೆಣ್ಣೆ, ಆ ಪುಡಿ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಅಟ್ಟದಿಂದ ಈ ಸಲ ಏನೇನು ಇಳಿಯಿತು? ಬಾಯಿ ಬಿಡದ ಒಂದು ಮರ್ಫಿ ರೇಡಿಯೊ. ಸೇರು, ಪಾವು, ಚಟಾಕು. ನಾವೆಲ್ಲ ಮಲಗಿದ್ದ ತೊಟ್ಟಿಲು. ಸಚ್ಚಿದಾನಂದೇಂದ್ರ ಸರಸ್ವತಿಗಳು ನಮ್ಮೂರಿನಲ್ಲಿ ನೆಲೆಗೊಳಿಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಮಾಸಪತ್ರಿಕೆಯ ಒಂದು ಕಟ್ಟು. ತಾತ ಅದನ್ನು ವೇದಾಂತಕ್ಕೆಂದು ತರಿಸುತ್ತಿದ್ದರು, ಅಜ್ಜಿ ಓದಿಯಾದ ಸಂಚಿಕೆಯನ್ನು ಉಪ್ಪಿನಕಾಯಿ ಜಾಡಿಯ ಕೆಳಗೆ ಹಾಸುತ್ತಿದ್ದರು. ಜಗತ್ತು ಮಿಥ್ಯೆ ಎಂದು ಸಾಧಿಸುವ ಪುಟದ ಮೇಲೆ ಜಾಡಿಯ ಎಣ್ಣೆಯ ದುಂಡು ಗುರುತೊಂದೇ ಸತ್ಯವಾಗಿ ಉಳಿದಿದೆ.

ಇಷ್ಟನ್ನೂ ಅಂಗಳದಲ್ಲಿ ಹರವಿದ ಮೇಲೆ ಚಿತ್ತೆ ಮಳೆ ಬಂತು. ಚಿತ್ತೆ ಮಳೆಯ ಸ್ವಭಾವವೇ ಹಾಗೆ. ಬೆಳಗಿನಿಂದ ಮೋಡವಿಲ್ಲದ ಆಕಾಶ ಇಟ್ಟುಕೊಂಡು, ತೊಟ್ಟಿಲು ಹೊರಗೆ ಬಂದ ಗಳಿಗೆ ನೋಡಿಕೊಂಡು ಹೊಡೆಯುತ್ತದೆ. ವಿಶಾಖೆ ಮಳೆ ಮಾತ್ರ ಒಕ್ಕಣೆಯ ಕಣಕ್ಕೆಂದೇ ಕಾಯ್ದುಕೊಂಡಿರುತ್ತದೆ.

ಮಳೆಗೆ ಒಳಗೆ ಓಡುವ ಗಡಿಬಿಡಿಯಲ್ಲಿ ನನ್ನಾಕೆಯ ಕೈಗೆ ಕಪ್ಪಾದ ಒಂದು ಕೊಳದಪ್ಪಲೆ ಸಿಕ್ಕಿತು. ಹಿತ್ತಾಳೆಯದೋ ಕಬ್ಬಿಣದ್ದೋ ಗೊತ್ತಾಗದಷ್ಟು ಕಿಲುಬು ಹಿಡಿದಿತ್ತು. ಅವಳು ಪೀತಾಂಬರಿ ಪುಡಿ ಹುಡುಕಿದಳು, ಅಮ್ಮ ಹುಣಸೆಹಣ್ಣಿನ ಉಂಡೆ ಕೊಟ್ಟರು. ಹುಣಸೆಹಣ್ಣಿಗೆ ಚೂರು ಉಪ್ಪು ಸೇರಿಸಿ, ತೆಂಗಿನ ನಾರಿನಲ್ಲಿ ಉಜ್ಜುತ್ತಾ ಬಂದರೆ ಮೊದಲು ಕಪ್ಪು ನೀರು ಇಳಿಯುತ್ತದೆ, ಆಮೇಲೆ ಹಸಿರು. ಆ ಹಸಿರಿನ ಹಿಂದೆ ಒಂದು ಕೆಂಪು ಛಾಯೆ ಬರುತ್ತದೆ. ಅಲ್ಲಿಗೆ ನಿಲ್ಲಿಸಬಾರದು, ಇನ್ನೊಂದು ಕೈ ಉಜ್ಜಿ ತೊಳೆದರೆ ಹಳದಿ ಬಿಟ್ಟುಕೊಳ್ಳುತ್ತದೆ. ನನ್ನ ಸೋದರಳಿಯನ ಟಿಪ್ಪಣಿ ಸರಿಯೇ. ಬಣ್ಣ ಒಳಗೇ ಇತ್ತು. ಆದರೆ ಅವನ ಮೇಪಲ್‌ಗೆ ಹುಣಸೆಹಣ್ಣು ಬೇಕಾಗುವುದಿಲ್ಲ, ರಟ್ಟೆಯೂ ನೋಯುವುದಿಲ್ಲ.

ಕಂಠದ ಹತ್ತಿರ ಉಜ್ಜುವಾಗ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಎದ್ದವು: "ಅ. ಗೂ. ವೆಂ. 12-5-63". ಪಾತ್ರೆಗೆ ಹೆಸರು ಹಾಕಿಸುವುದು ಆಗಿನ ಮದುವೆಗಳಲ್ಲಿ ಪಾತ್ರೆ ಕೊಡುವಷ್ಟೇ ಮುಖ್ಯ. ಸಾಮಾನು ಕದ್ದು ಹೋಗದಿರಲಿ ಎಂಬುದಕ್ಕಿಂತ, ಕೊಟ್ಟವರು ಯಾರು ಎಂಬುದು ಮುಂದಿನ ಮೂರು ತಲೆಮಾರಿಗೂ ತಿಳಿದಿರಲಿ ಎಂಬ ದೂರದೃಷ್ಟಿ. ನಮ್ಮ ಮನೆಯಲ್ಲಿ ಯಾರ ಹೆಸರೂ ಆ ಅಕ್ಷರಗಳಿಗೆ ಹೊಂದುತ್ತಿರಲಿಲ್ಲ. ಅಮ್ಮ ಬಹಳ ಹೊತ್ತು ನೋಡಿ, "ನಮ್ಮದೇ ಇರಬೇಕು ಬಿಡು" ಎಂದರು.

ಗುಟ್ಟು ಬಯಲಾದದ್ದು ಹಾಸನಾಂಬೆಯ ದಯದಿಂದ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ದೇವಿಯ ಬಾಗಿಲು ತೆರೆಯುತ್ತದೆ. ಅರಸು ಮನೆತನದವರು ಬಾಳೆಕಂದು ಕಡಿದ ಮೇಲೆ ಬೀಗ ತೆಗೆಯುವುದು ಪದ್ಧತಿ. ಹೋದ ವರ್ಷ ಹಚ್ಚಿದ ದೀಪ ಉರಿಯುತ್ತಲೇ ಇರುತ್ತದೆ, ಇಟ್ಟ ಹೂವು ಬಾಡಿರುವುದಿಲ್ಲ ಎಂಬುದು ನಂಬಿಕೆ. ಬಲಿಪಾಡ್ಯಮಿಯ ಆಚೀಚೆ ಮತ್ತೆ ಮುಚ್ಚಿದರೆ ಮುಂದಿನ ವರ್ಷದವರೆಗೂ ದರ್ಶನವಿಲ್ಲ. ಆ ಅಷ್ಟು ದಿನ ಹಾಸನದಲ್ಲಿ ಸ್ವಂತ ಮನೆ ಇರುವವರೆಲ್ಲ ಲಾಡ್ಜಿನ ಮಾಲೀಕರು. ವರ್ಷವಿಡೀ ಸುದ್ದಿಯಿಲ್ಲದ ನೆಂಟರು ಫೋನು ಮಾಡಿ ಆರೋಗ್ಯ ವಿಚಾರಿಸುತ್ತಾರೆ. ಎರಡನೇ ವಾಕ್ಯದಲ್ಲಿ "ಪಾಸ್ ಏನಾದ್ರೂ ಸಿಗುತ್ತಾ?" ಬರುತ್ತದೆ. 300 ರೂಪಾಯಿಯ ಸಾಲು, 1000 ರೂಪಾಯಿಯ ಸಾಲು, ಧರ್ಮದರ್ಶನದ ಸಾಲು ಎಂದು ಮೂರು ದಾರಿಯಿದ್ದರೂ ಹಾಸನದವನಿಗೆ ನಾಲ್ಕನೆಯದೊಂದು ಗೊತ್ತಿರಲೇಬೇಕೆಂದು ಹೊರಗಿನವರ ದೃಢ ನಂಬಿಕೆ. ದೀಪದ ವಿಷಯದಲ್ಲಿರುವ ನಂಬಿಕೆಗಿಂತ ಇದು ಗಟ್ಟಿ.

ಗುಡಿಯಲ್ಲಿ ಸೊಸೆ ಕಲ್ಲು ಎಂಬುದೊಂದಿದೆ. ಅತ್ತೆಯ ಕಾಟ ತಾಳದೆ ದೇವಿಯ ಮೊರೆಹೊಕ್ಕ ಸೊಸೆ ಕಲ್ಲಾದಳಂತೆ. ಆ ಕಲ್ಲು ವರ್ಷಕ್ಕೆ ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎಂದು ಕಥೆ. ದರ್ಶನ ಮುಗಿಸಿ ಬಂದ ನನ್ನಾಕೆಯನ್ನು ಅಮ್ಮ, "ಕಲ್ಲು ಇನ್ನೂ ಎಷ್ಟು ದೂರ ಇದೆಯಮ್ಮ?" ಎಂದು ಕೇಳಿದರು. "ಹತ್ತಿರಾನೇ ಬಂದಿದೆ ಅತ್ತೆ" ಎಂದಳು ಇವಳು. ಇಬ್ಬರೂ ನಕ್ಕರು. ನಾನು ಪೇಪರ್ ಓದುತ್ತಿದ್ದೆ.

ಚನ್ನರಾಯಪಟ್ಟಣದ ದೊಡ್ಡಮ್ಮ ಬಂದಿಳಿದದ್ದು ಇದೇ ಸಂದರ್ಭಕ್ಕೆ. ಅವರ ಚೀಲದ ತೂಕ ನೋಡಿದರೆ ಒಳಗೆ ತೆಂಗಿನ ತೋಟವೇ ಇದೆ ಅನಿಸುತ್ತದೆ. ಅವರ ಅಟ್ಟ ನಮ್ಮದರಂತಲ್ಲ. ಅದು ದುಡಿಯುವ ಅಟ್ಟ. ಬಲಿತ ಕಾಯನ್ನು ಸಿಪ್ಪೆ ಸಮೇತ ಮೇಲೆ ಹಾಕಿದರೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಕೊಬ್ಬರಿ ಆಗಿದೆಯೋ ಇಲ್ಲವೋ ತಿಳಿಯಲು ದೊಡ್ಡಮ್ಮ ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗುಳುಗುಳು ಎಂದರೆ ಇನ್ನೂ ನೀರಿದೆ, ಮೇಲಕ್ಕೆ ವಾಪಸ್ಸು. ಸದ್ದೇ ಇಲ್ಲದಿದ್ದರೆ ಸಂಶಯಾಸ್ಪದ. ಗಡಗಡ ಎಂದರೆ ಆಯಿತು, ತಿಪಟೂರು ಮಾರುಕಟ್ಟೆಗೆ ಹೋಗಬಹುದು. ಅವರು ಮನುಷ್ಯರ ಮಾತನ್ನೂ ಅದೇ ಕಿವಿಯಿಂದ ಕೇಳುತ್ತಾರೆಂದು ನನ್ನ ಗುಮಾನಿ.

ದೊಡ್ಡಮ್ಮನ ಮುಂದೆ ಕೊಳದಪ್ಪಲೆ ಇಟ್ಟೆವು. ಕನ್ನಡಕವೂ ಬೇಕಾಗಲಿಲ್ಲ, ಬೆರಳಿನಲ್ಲಿ ಚುಕ್ಕಿ ತಡವಿದರು. "ಅರಕಲಗೂಡು ಚಿಕ್ಕತ್ತೆ ಮದುವೇದು. ನಿನ್ನ ನಾಮಕರಣಕ್ಕೆ ಇದರ ತುಂಬ ಪುಳಿಯೋಗರೆ ಕಲಸಿಕೊಂಡು ಬಂದಿದ್ರು. ಮಗು ಹೊಗಳೋ ಭರದಲ್ಲಿ ಪಾತ್ರೆ ಮರೆತು ಹೋದ್ರು." ನನ್ನ ಕಡೆ ತಿರುಗಿ, "ಆಗ ನೀನು ಚೆನ್ನಾಗಿದ್ದೆ" ಎಂದರು.

ಹಾಗಾದರೆ ಹಿಂದಿರುಗಿಸಬೇಕು. ಹಿಂದಿರುಗಿಸುವುದಾದರೆ ಕಲಾಯಿ ಹಾಕಿಸಿಯೇ ಕೊಡಬೇಕು, ಇಲ್ಲದಿದ್ದರೆ ಮಾನ ಹೋಗುತ್ತದೆ ಎಂದು ಮೂವರು ಹೆಂಗಸರೂ ಒಮ್ಮತದಿಂದ ತೀರ್ಮಾನಿಸಿದರು. ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಕಡೆ ವಿಚಾರಿಸಿ ವಿಚಾರಿಸಿ ಒಬ್ಬ ಕಲಾಯಿಯವನನ್ನು ಹಿಡಿದೆ. ಅವನು ಪಾತ್ರೆಯನ್ನು ಕೆಂಡದ ಮೇಲೆ ಕವುಚಿ ಕಾಯಿಸಿ, ಇಕ್ಕುಳದಲ್ಲಿ ಹಿಡಿದು, ಒಳಗೆ ನವಸಾಗರದ ಪುಡಿ ಎಸೆದು ಹತ್ತಿಯಿಂದ ಒರೆಸಿದ. ಬುಸ್ಸೆಂದು ಬಿಳಿ ಹೊಗೆ ಎದ್ದಿತು. ತವರದ ಕಡ್ಡಿಯನ್ನು ಬಿಸಿ ಹಿತ್ತಾಳೆಗೆ ಒಮ್ಮೆ ಮುಟ್ಟಿಸಿದ, ಕರಗಿದ ಹನಿಯನ್ನು ಅದೇ ಹತ್ತಿಯಿಂದ ಸುತ್ತ ಎಳೆದ. ಹತ್ತಿ ಹೋದಲ್ಲೆಲ್ಲ ಬೆಳ್ಳಿ. ಹೊರಗೆ ಚಿನ್ನ, ಒಳಗೆ ಬೆಳ್ಳಿ. ಈ ಬೆಲೆಗೆ ಇದಕ್ಕಿಂತ ಶ್ರೀಮಂತಿಕೆ ಬೇರೆಲ್ಲೂ ಸಿಗದು. "ಮನೆ ಪಾತ್ರೆ ಯಾರೂ ತರಲ್ಲ ಸಾರ್, ನಮ್ಮನ್ನ ಬದುಕಿಸಿರೋದು ಬಿರಿಯಾನಿ ಹಂಡೆ" ಎಂದ ಅವನು. ಪುಳಿಯೋಗರೆಯ ಪಾತ್ರೆ ಅದನ್ನು ಕೇಳಿಸಿಕೊಂಡು ತೆಪ್ಪಗಿತ್ತು.

ಪಾತ್ರೆಯನ್ನು ಬರಿದಾಗಿ ಕಳಿಸುವುದು ನಮ್ಮಲ್ಲಿಲ್ಲ. ದೊಡ್ಡಮ್ಮನ ಕೊಬ್ಬರಿ, ಇವಳ ಚಕ್ಕುಲಿ ತುಂಬಿಸಿಕೊಂಡು ಗೊರೂರಿನ ದಾರಿಯಾಗಿ ಅರಕಲಗೂಡಿಗೆ ಹೊರಟೆವು. ಹೇಮಾವತಿ ತುಂಬಿ ನಿಂತಿತ್ತು. ಗೊರೂರು ದಾಟುವಾಗ ಊರಿನ ಹೆಸರನ್ನೇ ಹೆಸರಾಗಿ ಮಾಡಿಕೊಂಡ ರಾಮಸ್ವಾಮಿ ಅಯ್ಯಂಗಾರರು ನೆನಪಾಗದೆ ಇರುವುದು ಕಷ್ಟ. ಅಮೆರಿಕೆಗೆ ಹೋಗಿ ಬಂದು ಅವರು ಬರೆದ 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಸೋದರಳಿಯ ಅಲ್ಲಿ ಹತ್ತು ಪಟ್ಟು ಹೆಚ್ಚು ಕಾಲ ಇದ್ದಾನೆ. ಬರೆದದ್ದು ಮೇಪಲ್ ಟಿಪ್ಪಣಿ ಒಂದೇ.

ಅರಕಲಗೂಡು ತಾಲ್ಲೂಕು ಹೊಕ್ಕ ಮೇಲೆ ಗಾಳಿಗೆ ಒಂದು ಸಿಹಿಗಮಟು ಸೇರಿಕೊಂಡಿತು. ಹೊಗೆಸೊಪ್ಪಿನ ಬ್ಯಾರನ್‌ಗಳು. ಒಂದು ಕಡೆ ಕಾರು ನಿಲ್ಲಿಸಿ ಇಣುಕಿದೆವು. ಹಸಿರು ಎಲೆಯನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲುಸಾಲಾಗಿ ನೇತುಹಾಕಿ, ಸೌದೆಯ ಕಾವು ಕೊಡುತ್ತಾರೆ. ಮೊದಮೊದಲು ಸಣ್ಣ ಕಾವು. ಅದರಲ್ಲಿ ಹಸಿರು ಹೋಗಿ ಹಳದಿ ಮೂಡುತ್ತದೆ. ಹದ ನೋಡಿ ಕಾವು ಏರಿಸದಿದ್ದರೆ ಎಲೆ ಕಪ್ಪಗಾಗಿ ಒಂದು ವರ್ಷದ ಬದುಕು ಕೆಡುತ್ತದೆ, ಅದಕ್ಕೇ ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ. ಬ್ಯಾರನ್ನಿನಿಂದ ಹೊರಬಂದ ಎಲೆ ಎಂಥ ಹೊಂಬಣ್ಣ! ನಾನು ಒಂದನ್ನು ಬೆಳಕಿಗೆ ಹಿಡಿದು ಫೋಟೊ ತೆಗೆದು ಗುಂಪಿಗೆ ಹಾಕಿದೆ: "ನಮ್ಮೂರ ಮೇಪಲ್". ಸೋದರಳಿಯ "ವಾವ್" ಎಂದ. ಅವನ ಎಲೆಯನ್ನು ಯಾರೂ ಕೊಳ್ಳುವುದಿಲ್ಲ. ನಮ್ಮದು ರಾಮನಾಥಪುರದ ಹರಾಜು ಕಟ್ಟೆಯಲ್ಲಿ ದರ್ಜೆಯ ಪ್ರಕಾರ ಬಿಕರಿಯಾಗುತ್ತದೆ. ಸೇದುವುದು ಬಿಟ್ಟು ಉಳಿದ ವಿಷಯಗಳಲ್ಲೆಲ್ಲ ಆ ಎಲೆ ನನಗೆ ಬಹಳ ಮೆಚ್ಚು.

ಚಿಕ್ಕತ್ತೆ ಈಗ ಬಾಗಿದ್ದಾರೆ, ಕಣ್ಣು ಮಾತ್ರ ಚುರುಕು. ಕೊಳದಪ್ಪಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಕಲಾಯಿ ನೋಡಿದರು, ಹೆಸರು ತಡವಿದರು. ಕಣ್ಣಲ್ಲಿ ನೀರು ಬರುತ್ತದೇನೋ ಎಂದು ನನ್ನಾಕೆ ಸೆರಗು ಸಿದ್ಧ ಮಾಡಿಕೊಂಡಳು.

"ಇದಕ್ಕೊಂದು ಮುಚ್ಚಳ ಇತ್ತಲ್ಲ?" ಎಂದರು ಚಿಕ್ಕತ್ತೆ.

ಊಟವಾಯಿತು, ಹೊರಡುವ ಹೊತ್ತಾಯಿತು. ಹಿತ್ತಲಿನ ಸೀತಾಫಲ ಕಣ್ಣು ಬಿಟ್ಟಿದ್ದವು. ಇನ್ನೆರಡು ದಿನ ರಾಗಿ ಡ್ರಮ್ಮಿನಲ್ಲಿ ಹೂತಿಟ್ಟರೆ ಹಣ್ಣಾಗುತ್ತವೆ, ಎಲ್ಲಿ ಹೂತೆವೆಂದು ನೆನಪಿರಬೇಕು ಅಷ್ಟೆ. ಹೋದ ವರ್ಷ ನಮ್ಮ ಮನೆಯ ಮುದ್ದೆಗೆ ಸೀತಾಫಲದ ಬೀಜ ಬಂದದ್ದರ ಹಿನ್ನೆಲೆ ಇದೇ. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಚಿಕ್ಕತ್ತೆಗೆ ಆಗದ ಮಾತು. ಸೊಸೆ ಚೀಲ ತಂದರು. "ಚೀಲಕ್ಕೆ ಹಾಕಿದ್ರೆ ಜಜ್ಜಿ ಹೋಗತ್ತೆ, ಪಾತ್ರೆಗೆ ಹಾಕು" ಎಂದರು ಚಿಕ್ಕತ್ತೆ. ಎದುರಿಗೇ ಖಾಲಿ ಇದ್ದದ್ದು ಒಂದೇ ಪಾತ್ರೆ.

ಮನೆ ಸೇರಿ ಹಣ್ಣನ್ನು ರಾಗಿಗೆ ಹೂತು, ಕೊಳದಪ್ಪಲೆಯನ್ನು ಏನು ಮಾಡುವುದೆಂದು ನೋಡುತ್ತಿರುವಾಗ ಅರಕಲಗೂಡಿನಿಂದ ಫೋನು ಬಂತು.

"ಷಷ್ಠಿ ಜಾತ್ರೆಗೆ ರಾಮನಾಥಪುರಕ್ಕೆ ಬರ್ತೀರಲ್ಲ, ಬರುವಾಗ ನಮ್ಮ ಪಾತ್ರೆ ಮರೀಬೇಡಿ. ಮುಚ್ಚಳಾನೂ ಒಂದ್ಸಲ ಹುಡುಕಿ."

ಷಷ್ಠಿಯ ಹೊತ್ತಿಗೆ ಅವರೆಕಾಯಿ ಬಂದಿರುತ್ತದೆ, ಹಿತಕಿದ ಅವರೆಬೇಳೆ ತುಂಬಿ ಕಳಿಸಿದರಾಯಿತು ಎಂದು ನನ್ನಾಕೆ ಲೆಕ್ಕ ಹಾಕಿದಳು. ಅಮ್ಮ ಏಣಿ ಎಲ್ಲಿಟ್ಟೆ ಎಂದು ಕೇಳಿದರು.